ಅದು ಶೀರ್ಷಾಸನ ಅಲ್ಲರೀ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಮನೆಯಲ್ಲಿ ಸಾಕುವ ಅಂದದ ಮೀನುಗಳ ಬಗ್ಗೆ ಅರ್ಧ ಪುಟ ಬಂದಿತ್ತು. ಫೋಟೊ ಚೆನ್ನಾಗಿದ್ದವು. ಒಂದರಲ್ಲಿ ಗುಂಡು ಹೊಟ್ಟೆಯ, ನೆತ್ತಿ ಮಾತ್ರ ಕೆಂಪಗಿರುವ ಬಿಳಿ ಗೋಲ್ಡ್‌ಫಿಶ್ ಮೂತಿ ಕೆಳಗೆ, ಬಾಲ ಮೇಲೆ ಮಾಡಿ ನಿಂತಿತ್ತು. ಅದರ ಕೆಳಗೆ ‘ಶೀರ್ಷಾಸನ ಹಾಕಿ ಮನೆಮಂದಿಯನ್ನು ನಗಿಸುವ ತುಂಟ’ ಅಂತ ಬರೆದಿದ್ದಿರಿ. ಪಕ್ಕದ ಕಿತ್ತಳೆ ಬಣ್ಣದ ಪ್ಯಾರಟ್ ಮೀನಿಗೆ ‘ಸದಾ ನಗುಮುಖ’ ಅಂತ ಬಿರುದು ಕೊಟ್ಟಿದ್ದಿರಿ.

ಬೇರೆ ಪುಟ ಆಗಿದ್ದರೆ ಸೋಮವಾರವೇ ಅದರಲ್ಲಿ ಯಾರಿಗಾದರೂ ಮೀನು ಕಟ್ಟಿ ಕೊಟ್ಟಿರುತ್ತಿದ್ದೆ. ಇದನ್ನು ಮಾತ್ರ ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಅದು ಶೀರ್ಷಾಸನ ಅಲ್ಲರೀ. ಆ ಮೀನಿಗೆ ನೆಟ್ಟಗೆ ನಿಲ್ಲಲು ಆಗುತ್ತಿಲ್ಲ.

ನಾನು ಬಾಗಲಕೋಟೆಯ ನವನಗರದಲ್ಲಿ ಮೀನು ಮಾರುವವನು. ನಮ್ಮಪ್ಪ ಘಟಪ್ರಭೆಯಲ್ಲಿ ಬಲೆ ಹಾಕುತ್ತಿದ್ದರು. ಆಲಮಟ್ಟಿ ಹಿನ್ನೀರು ಬಂದ ಮೇಲೆ ನಮ್ಮ ಹಳೇ ಮನೆ ನೀರಿಗೆ ಹೋಯಿತು, ನಾವು ಇಲ್ಲಿಗೆ ಬಂದೆವು. ಅಪ್ಪ ಹಿಡಿದರು, ನಾನು ಕಡಿದೆ. ಇಪ್ಪತ್ತೆಂಟು ವರ್ಷದಿಂದ ರೋಹು, ಕಾಟ್ಲಾ, ಗೆಂಡೆ ಬಿಡಿಸುತ್ತಿದ್ದೇನೆ. ‘ದಿನಾ ಮೀನು ಕಡಿಯುವವನಿಗೆ ಗಾಜಿನ ಪೆಟ್ಟಿಗೆಯ ಮೀನಿನ ಮೇಲೆ ಎಲ್ಲಿಂದ ಬಂತಪ್ಪ ಕನಿಕರ’ ಅಂತ ನಿಮ್ಮ ಓದುಗರು ಕೇಳಬಹುದು. ನನ್ನ ಹೆಂಡತಿ ಮೊದಲೇ ಕೇಳಿಬಿಟ್ಟಿದ್ದಾಳೆ. ನನ್ನ ಕತ್ತಿಯ ಕೆಲಸ ಒಂದು ಕ್ಷಣದ್ದು. ಅಲ್ಲಿಯವರೆಗೆ ಆ ರೋಹು ಹಿನ್ನೀರಿನಲ್ಲಿ ರೋಹುವಿನ ಹಾಗೇ ಬದುಕಿರುತ್ತದೆ. ಇಷ್ಟೇ ನನ್ನ ಉತ್ತರ. ಒಪ್ಪದಿದ್ದರೆ ಬಿಡಿ.

ಮೊದಲು ರೋಹುವಿನ ಹೊಟ್ಟೆ ತೋರಿಸುತ್ತೇನೆ. ಆಮೇಲೆ ಗೋಲ್ಡ್‌ಫಿಶ್ ಮಾತು.

ಹೊಟ್ಟೆ ಸೀಳಿದ ಕೂಡಲೇ ಕೈಗೆ ಬರುವುದು ಕರುಳು. ಸುರುಳಿ ಸುರುಳಿ, ಎಳೆದರೆ ಮೊಳಗಟ್ಟಲೆ. ಈ ಜಾತಿಗೆ ನಮ್ಮ ಹಾಗೆ ಜಠರ ಅಂತ ಬೇರೆ ಚೀಲ ಇಲ್ಲ. ತಿಂದದ್ದು ಸೀದಾ ಕರುಳಿಗೆ ಇಳಿಯುತ್ತದೆ. ಬಾಯಲ್ಲಿ ಹಲ್ಲೂ ಇಲ್ಲ. ಹಲ್ಲು ಇರುವುದು ಗಂಟಲಲ್ಲಿ, ಕಿವಿರಿನ ಹಿಂದೆ. ಕರುಳು ತೆಗೆದರೆ ಬೆನ್ನೆಲುಬಿನ ಕೆಳಗೆ ಅಂಟಿಕೊಂಡ ಹೊಳೆಯುವ ಬಿಳಿ ಚೀಲ ಕಾಣುತ್ತದೆ. ಪುಸ್ತಕದಲ್ಲಿ ಗಾಳಿಚೀಲ ಅನ್ನುತ್ತಾರೆ. ನಾವು ಪುಗ್ಗಾ ಅನ್ನುತ್ತೇವೆ. ನಡುವೆ ದಾರ ಬಿಗಿದ ಹಾಗೆ ಎರಡು ಪಾಲು. ಮುಂದಿನದು ಮೋಟು, ಅದರ ತೊಗಲು ದಪ್ಪ. ಹಿಂದಿನದು ಉದ್ದ, ಬಾಲದ ಕಡೆ ಚೂಪು. ಅಂಗಡಿಗೆ ಮಕ್ಕಳು ಬಂದರೆ ನಾನು ಅದನ್ನು ಬಿಡಿಸಿ ಕೊಡುತ್ತೇನೆ. ನೆಲಕ್ಕೆ ಹಾಕಿ ತುಳಿದು ಫಟ್ ಅನಿಸಿ ಓಡಿಹೋಗುತ್ತಾರೆ.

ಆ ಪುಗ್ಗಾವೇ ಮೀನಿನ ತಕ್ಕಡಿ. ಮುಂದೊಂದು, ಹಿಂದೊಂದು ಪರಡಿ. ಗಾಳಿ ಎರಡರಲ್ಲೂ ಸರಿಯಾಗಿದ್ದರೆ ಮೀನು ನೀರಿನ ನಡುವೆ ಮಟ್ಟಸವಾಗಿ ನಿಲ್ಲುತ್ತದೆ. ಪುಗ್ಗಾದಿಂದ ಅನ್ನನಾಳಕ್ಕೆ ಒಂದು ಸಣ್ಣ ಕೊಳವೆ ಇದೆ, ಮೀನು ಮೇಲೆ ಬಂದು ಗುಟುಕು ಗಾಳಿ ನುಂಗಿ ತುಂಬಿಕೊಳ್ಳುತ್ತದೆ. ಮುಂದಿನ ಪಾಲಿನಿಂದ ಒಳಗಿವಿಯವರೆಗೆ ಪುಟಾಣಿ ಎಲುಬುಗಳ ಸಾಲೊಂದಿದೆ. ನೀರಿನ ಸದ್ದು ಪುಗ್ಗಾಕ್ಕೆ ಬಡಿದು ಎಲುಬಿನ ಮೇಲೆ ಹಾಯ್ದು ಕಿವಿಗೆ ಮುಟ್ಟುತ್ತದೆ. ಈ ಎಲುಬಿನ ವಿಷಯ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ತಲೆಯ ಜೊತೆ ಅದನ್ನೂ ಕಡಿದು ಸಾರಿಗೆ ಕೊಟ್ಟಿದ್ದೇನೆ. ಬಿ.ಎಸ್ಸಿ. ಓದುವ ಮಗಳು ಹೇಳಿದ ಮೇಲೆ ಗೊತ್ತಾಯಿತು.

ಗೋಲ್ಡ್‌ಫಿಶ್ ಕೂಡ ಇದೇ ಗೆಂಡೆ ಬಳಗದ್ದು. ಒಳಗಿನ ಸಾಮಾನು ಎಲ್ಲಾ ಅದೇ. ಮೂಲದಲ್ಲಿ ಚೀನಾದ ಕೊಳಗಳ ಮಣ್ಣುಬಣ್ಣದ ಉದ್ದನೆಯ ಮೀನು. ಈಗಲೂ ಅದರ ಮರಿ ತತ್ತಿಯಿಂದ ಹೊರಬಂದಾಗ ಕಂದುಬಣ್ಣವೇ. ಕೆಲವು ತಿಂಗಳಾದ ಮೇಲೆ ಕಪ್ಪು ಕರಗಿ ಬಂಗಾರ ಕಾಣುತ್ತದೆ.

ನಮ್ಮನೆಗೆ ಬಂದದ್ದು ಎರಡು. ಐದನೇ ತರಗತಿಯ ಮಗ ಹಟ ಹಿಡಿದು ತರಿಸಿದ. ಒಂದು ನಿಮ್ಮ ಫೋಟೊದಲ್ಲಿರುವಂಥದೇ, ಕೆಂಪು ಟೋಪಿಯ ಒರಾಂಡಾ. ಇನ್ನೊಂದು ಕಣ್ಣು ಹೊರಗೆ ಬಂದ ಬ್ಲ್ಯಾಕ್ ಮೂರ್. ಅವನೇ ಗುಂಡ, ಕರಿಯ ಅಂತ ಹೆಸರಿಟ್ಟ. ಒಂಬತ್ತು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಗೆ ಹೊರಟಿದ್ದೆ. ‘ಅಪ್ಪಾ, ಗುಂಡ ಉಲ್ಟಾ ನಿಂತಾನ ನೋಡ’ ಅಂತ ಕೂಗಿದ. ಅವನಿಗೂ ಮೊದಲು ನಗುವೇ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಿಮ್ಮ ವರದಿಗಾರರಿಗೆ ಬಂದ ಹಾಗೆಯೇ.

ಮಧ್ಯಾಹ್ನ ಬಂದು ನೋಡಿದರೆ ಹಾಗೇ ಇತ್ತು. ಪಕ್ಕದ ರೆಕ್ಕೆ ಎರಡನ್ನೂ ಬಡಿದು ಬಡಿದು ಮೈಯನ್ನು ಅಡ್ಡ ಮಾಡುತ್ತಿತ್ತು. ಬಡಿಯುವುದು ನಿಲ್ಲಿಸಿದ ಕೂಡಲೇ ಬಾಲ ಮೇಲಕ್ಕೆ, ಮೂತಿ ಕೆಳಕ್ಕೆ. ಮತ್ತೆ ಬಡಿಯುವುದು. ರಾತ್ರಿ ಲೈಟು ಹಾಕಿ ನೋಡಿದೆ, ಆಗಲೂ ಅದೇ ಕೆಲಸ. ಮೀನು ತಂದ ಅಂಗಡಿಯವರು ಎರಡು ದಿನ ಉಪವಾಸ ಹಾಕಿ, ಆಮೇಲೆ ಬಟಾಣಿ ಬೇಯಿಸಿ ಸಿಪ್ಪೆ ತೆಗೆದು ಕೊಡಿ ಅಂದರು. ಕೊಟ್ಟೆವು. ನೀರು ಬದಲಿಸಿದೆವು. ತೇಲುವ ಕಾಳು ಬಿಟ್ಟು ಮುಳುಗುವ ಕಾಳು ತಂದೆವು. ನಾಲ್ಕು ದಿನ ಸ್ವಲ್ಪ ಸುಧಾರಿಸಿತು, ಮತ್ತೆ ತಲೆಕೆಳಗು. ಮೂರು ವಾರ ಹೀಗೇ ನಡೆದು ಸತ್ತಿತು.

ಮಗನನ್ನು ಅವನ ಸೋದರತ್ತೆಯ ಮನೆಗೆ ಕಳಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಪೇಪರು ಹಾಸಿ ಕೂತೆವು. ನನ್ನ ಕತ್ತಿಗೆ ಅದು ಸಿಗುವಂಥದ್ದಲ್ಲ, ಅರ್ಧ ಬ್ಲೇಡು ತಗೊಂಡೆ. ಮಗಳು ಮೊಬೈಲ್ ಬೆಳಕು ಹಿಡಿದಳು. ನನ್ನ ಕೈಗೆ ರೋಹುವಿನ ದಾರಿ ಗೊತ್ತು, ಅದೇ ದಾರಿಯಲ್ಲಿ ಹೋದೆ. ದಾರಿ ಸಿಗಲಿಲ್ಲ. ಉದ್ದಕ್ಕೆ ಇರಬೇಕಾದ ಹೊಟ್ಟೆ ಚೆಂಡಿನ ಹಾಗಿತ್ತು. ಕರುಳು ಸುತ್ತಿ ಸುತ್ತಿ ತುರುಕಿದಂತಿತ್ತು. ಜಾತ್ರೆಗೆ ಹೊರಟ ಟ್ರ್ಯಾಕ್ಸಿನಲ್ಲಿ ಮಂದಿ ಕೂತ ಹಾಗೆ, ಯಾರ ಕಾಲು ಎಲ್ಲಿದೆ ಗೊತ್ತಿಲ್ಲ. ಪುಗ್ಗಾದ ಮುಂದಿನ ಪಾಲು ಮುದುಡಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಿತ್ತು. ಹಿಂದಿನ ಪಾಲು ದ್ರಾಕ್ಷಿಯ ಹಾಗೆ ಉಬ್ಬಿ ಬಿಗಿದು, ಬಾಲದ ಬುಡಕ್ಕೆ ಸರಿದು ಒಂದು ಬದಿಗೆ ಹೊರಳಿತ್ತು. ತಲೆಯ ಮೇಲೆ ಬೇರೆ ಆ ಕೆಂಪು ಮಾಂಸದ ಟೋಪಿಯ ಭಾರ. ಹಿಂದೆ ಗಾಳಿ, ಮುಂದೆ ಭಾರ. ತಲೆಕೆಳಗಾಗದೆ ಇನ್ನೇನು?

‘ಒಂದು ಮೀನು ಬಿಡಿಸಿ ಎಲ್ಲಾ ಮೀನಿನ ಮಾತು ಹೇಳಬ್ಯಾಡ ಅಪ್ಪಾ’ ಅಂದಳು ಮಗಳು. ಸರಿಯೇ. ಗುಂಡು ತಳಿಗಳಲ್ಲಿ ಹಿಂದಿನ ಪಾಲು ಚಿಕ್ಕದಾಗಿರುವುದೇ ಜಾಸ್ತಿಯಂತೆ. ಅಂಥವು ಬೇರೆ ಥರ ಒದ್ದಾಡುತ್ತವೆ. ಕೆಲವು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ, ಕೆಲವು ತಳದಿಂದ ಏಳುವುದೇ ಇಲ್ಲ. ನೀರು ಹೊಲಸಾದರೂ, ನಂಜಾದರೂ, ಚಳಿಗೆ ಜೀರ್ಣ ಆಗದಿದ್ದರೂ ಉದ್ದನೆಯ ಮೀನಿಗೂ ಹೀಗಾಗುವುದುಂಟು. ಆದರೆ ಜಾಗವೇ ಇಲ್ಲದ ಹೊಟ್ಟೆಯಲ್ಲಿ ಸಣ್ಣ ಮಲಬದ್ಧತೆಯೂ ಸಾಕು, ತಕ್ಕಡಿ ವಾಲುತ್ತದೆ. ಉದ್ದನೆಯ ಮೀನು ಅದನ್ನು ತಡೆದುಕೊಳ್ಳುತ್ತದೆ.

ಬಾಲವನ್ನೂ ಬಿಡಿಸಿದೆವು. ಇದು ನನಗೆ ಜಾಸ್ತಿ ಬೆರಗು ತಂದದ್ದು. ಹೊರಗಿನಿಂದ ನೋಡಿದರೆ ಸುಮ್ನೆ ಅಗಲವಾದ ಬಾಲ, ಸೀರೆಯ ನೆರಿಗೆಯ ಹಾಗೆ. ಬೆರಳಿನಿಂದ ಬಿಡಿಸಿದರೆ ಎರಡು ಬಾಲ! ಕೆಳಗೆ, ಗುದದ ಹಿಂದಿರುವ ರೆಕ್ಕೆಯೂ ಎರಡು. ರೋಹುವಿಗೆ ಅದು ಒಂದೇ. ಬರೀ ಚರ್ಮದ ರೆಕ್ಕೆ ಅಷ್ಟೇ ಅಲ್ಲ, ಬಾಲದ ಬುಡದ ಎಲುಬೇ ಕವಲೊಡೆದಿತ್ತು.

ಇದಕ್ಕೆ ಕಾರಣವನ್ನು ತೈವಾನಿನ ಸಂಶೋಧಕರು 2014ರಲ್ಲಿ ಹೇಳಿದ್ದಾರೆ. ಮಗಳು ಇಂಗ್ಲಿಷಿನಲ್ಲಿ ಓದಿ ನನಗೆ ಕನ್ನಡದಲ್ಲಿ ತಿಳಿಸಿದಳು. ತತ್ತಿಯೊಳಗೆ ಮರಿ ರೂಪುಗೊಳ್ಳುವಾಗ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಅಂತ ಗೆರೆ ಹಾಕುವ ಒಂದು ಜೀನ್ ಇದೆ, ಹೆಸರು ಕಾರ್ಡಿನ್. ಅದು ಕೆಟ್ಟರೆ ಹೊಟ್ಟೆ ಕಡೆಯ ಭಾಗ ಲೆಕ್ಕಕ್ಕಿಂತ ಜಾಸ್ತಿ ಬೆಳೆಯುತ್ತದೆ, ಬಾಲ ಇಬ್ಭಾಗವಾಗುತ್ತದೆ. ಜೀಬ್ರಾ ಮೀನಿನಲ್ಲಿ ಈ ಜೀನ್ ಕೆಟ್ಟರೆ ಹೆಚ್ಚಿನ ಮರಿಗಳು ಉಳಿಯುವುದೇ ಇಲ್ಲ. ಗೋಲ್ಡ್‌ಫಿಶ್‌ನ ಪೂರ್ವಜರಲ್ಲಿ ಸುಮಾರು ಒಂದು ಕೋಟಿ ವರ್ಷದ ಹಿಂದೆ ಇಡೀ ಜೀನ್ ಗಂಟೇ ಇಮ್ಮಡಿ ಆಗಿತ್ತು. ಹಾಗಾಗಿ ಅದಕ್ಕೆ ಕಾರ್ಡಿನ್ ಎರಡು ಪ್ರತಿ. ಒಂದು ಕೆಟ್ಟರೆ ಇನ್ನೊಂದು ಹೇಗೋ ಮನೆ ನಡೆಸುತ್ತದೆ. ಅಂದರೆ ನಾವು ನೆರಿಗೆ ಅಂತ ಮೆಚ್ಚುವ ಬಾಲ ಒಂದು ಕೆಟ್ಟುಹೋದ ಜೀನಿನ ಗುರುತು. ಅಂಥ ಬಾಲದಿಂದ ನೀರನ್ನು ಅತ್ತ ಇತ್ತ ಒದ್ದು ಮುಂದೆ ಹೋಗಲು ಬಲ ಸಾಲುವುದಿಲ್ಲ. ರೋಹು ಬಲೆಯಿಂದ ಜಿಗಿಯುವುದೇ ಬಾಲದ ಆ ಒಂದು ಒದೆತದಿಂದ. ನನ್ನ ಕೈಗೂ ಬಿದ್ದಿವೆ ಅಂಥ ಏಟು.

ಯಾಕೆ ಹೀಗೆ ಆರಿಸಿದರು? ಮೊದಮೊದಲು ಗಾಜಿನ ಪೆಟ್ಟಿಗೆ ಇರಲಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಕೊಳದ ಮೀನಿನಲ್ಲಿ ಬಣ್ಣದ್ದನ್ನು ಬೇರೆ ಮಾಡಿ ಸಾಕಿದರು. ಮಿಂಗ್ ಅರಸರ ಕಾಲದಲ್ಲಿ ಪಿಂಗಾಣಿ ತೊಟ್ಟಿಗಳಲ್ಲಿ ಮನೆಯೊಳಗೇ ಇಟ್ಟರು. ತೊಟ್ಟಿಯ ಮೀನನ್ನು ನೋಡುವುದು ಮೇಲಿನಿಂದ ಅಲ್ವಾ? ಮೇಲಿನಿಂದ ನೋಡಿದರೆ ಒಂಟಿ ಬಾಲ ಒಂದು ಗೆರೆ ಮಾತ್ರ. ಎರಡು ಬಾಲವಾದರೆ ಹೂವಿನ ಹಾಗೆ ಹರಡಿ ಕಾಣುತ್ತದೆ. ಪಕ್ಕಕ್ಕೆ ಚಾಚಿದ ಕಣ್ಣು, ಅಗಲ ಹೊಟ್ಟೆ ಎಲ್ಲವೂ ಮೇಲಿನಿಂದಲೇ ಚೆಂದ. ಕೊಳದಲ್ಲಿ ಇಂಥ ಮರಿ ಹುಟ್ಟಿದರೆ ಕೊಕ್ಕರೆ ಮೊದಲು ಅದನ್ನೇ ಎತ್ತುತ್ತಿತ್ತು. ತೊಟ್ಟಿಯಲ್ಲಿ ಕೊಕ್ಕರೆ ಇಲ್ಲ, ಓಡುವ ಕೆಲಸವೂ ಇಲ್ಲ. ವಿಜಯಪುರದಲ್ಲಿ ಗೋಲ ಗುಮ್ಮಟ ಮುಗಿದದ್ದು 1656ರಲ್ಲಿ. ಆ ಹೊತ್ತಿಗಾಗಲೇ ಚೀನಾದಲ್ಲಿ ಎರಡು ಬಾಲದ ಮೀನುಗಳಿದ್ದವು.

ಆರಿಸುವುದೆಂದರೆ ನಮ್ಮಲ್ಲಿ ರಾಶಿ ಹೊತ್ತಿಗೆ ದೊಡ್ಡ ತೆನೆ ನೋಡಿ ಬೀಜದ ಜೋಳ ಬೇರೆ ಇಟ್ಟ ಹಾಗೆಯೇ. ಗೋಲ್ಡ್‌ಫಿಶ್ ಒಂದು ಸಲಕ್ಕೆ ನೂರಾರು, ಸಾವಿರಾರು ತತ್ತಿ ಇಡುತ್ತದೆ. ಮರಿಗಳಲ್ಲಿ ಬೇಕಾದ ಆಕಾರದ ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕುತ್ತಾರೆ. ಒಳಗಿನ ಪುಗ್ಗಾ ಸರಿ ಇದೆಯೋ ಇಲ್ಲವೋ ಅಂತ ಯಾರೂ ನೋಡಿ ಆರಿಸಿದ್ದಲ್ಲ. ಅದು ಹೊರಗೆ ಕಾಣುವುದೇ ಇಲ್ಲವಲ್ಲ.

ಆರಿಸಿ ಬೆಳೆಸುವುದೇ ತಪ್ಪು ಅಂತ ನನ್ನ ವಾದ ಅಲ್ಲ. ನಮ್ಮ ಜಿಲ್ಲೆಯ ಮುಧೋಳ ನಾಯಿಯನ್ನೂ ಮನುಷ್ಯರೇ ಆರಿಸಿ ಬೆಳೆಸಿದ್ದು. ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ಉದ್ದ ಕಾಲು. ಆ ಎದೆಯೊಳಗೆ ದೊಡ್ಡ ಶ್ವಾಸಕೋಶಕ್ಕೆ ಜಾಗ ಇದೆ. ಮೊಲದ ಹಿಂದೆ ಓಡಲಿ ಅಂತ ಆರಿಸಿದರು, ಅದು ಓಡುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಖಿಲಾರಿ ಎತ್ತೂ ಹಾಗೆಯೇ. ಜಾತ್ರೆಯಲ್ಲಿ ಕೋಡಿನ ಚೆಂದ ನೋಡುವವರೂ ಮೊದಲು ಅದನ್ನು ನಡೆಸಿ ಕಾಲು ನೋಡುತ್ತಾರೆ. ಗೋಲ್ಡ್‌ಫಿಶ್ ವಿಷಯದಲ್ಲಿ ನಡೆಸಿ ನೋಡುವವರೇ ಇರಲಿಲ್ಲ. ರ‍್ಯಾಂಚು ಅನ್ನುವ ತಳಿಗೆ ಬೆನ್ನಿನ ರೆಕ್ಕೆಯನ್ನೇ ಇಲ್ಲದ ಹಾಗೆ ಮಾಡಿದ್ದಾರೆ. ಬೆನ್ನು ನುಣ್ಣಗೆ ಕಾಣಲಿ ಅಂತ. ಆ ರೆಕ್ಕೆ ಇರುವುದು ಮೈ ಹೊರಳದಂತೆ ಹಿಡಿಯಲು. ಒರಾಂಡಾದ ಟೋಪಿ ವರ್ಷ ಕಳೆದಂತೆ ಬೆಳೆದು ಕೆಲವಕ್ಕೆ ಕಣ್ಣನ್ನೇ ಮುಚ್ಚುತ್ತದೆ. ಕಣ್ಣಿನ ಕೆಳಗೆ ನೀರು ತುಂಬಿದ ಚೀಲ ಜೋಲುವ ತಳಿಯೊಂದಿದೆ, ಬಬಲ್ ಐ. ತೊಟ್ಟಿಯಲ್ಲಿ ಒಂದು ಚೂಪು ಕಲ್ಲಿದ್ದರೂ ಚೀಲ ಒಡೆಯುತ್ತದೆ. ಅದನ್ನು ನಾನು ಫೋಟೊದಲ್ಲಿ ನೋಡಿದ್ದೇ ಸಾಕು.

ನಿಮ್ಮ ‘ಸದಾ ನಗುಮುಖ’ದ ಮೀನಿನ ಕತೆಯೂ ಇಷ್ಟೇ. ಅದು 1980ರ ದಶಕದಲ್ಲಿ ತೈವಾನಿನಲ್ಲಿ ಬೇರೆ ಬೇರೆ ಜಾತಿ ಕೂಡಿಸಿ ಮಾಡಿದ ಮಿಶ್ರತಳಿ. ಆ ಬಾಯಿ ನಗುತ್ತಿಲ್ಲ. ಪೂರ್ತಿ ಮುಚ್ಚಲು ಬರುವುದಿಲ್ಲ. ಬಾಯಿಂದ ಹಿಡಿಯಲು ಆಗದ್ದನ್ನು ಗಂಟಲ ಹಲ್ಲಿನಿಂದ ಅರೆದು ತಿಂದು ಬದುಕುತ್ತದೆ.

ಜರ್ಮನಿಯಲ್ಲಿ ಪ್ರಾಣಿಯ ಅಂಗ ಕೆಟ್ಟು ಅದಕ್ಕೆ ನೋವಾಗುವಂಥ ತಳಿ ಎಬ್ಬಿಸುವುದಕ್ಕೆ ಕಾನೂನಿನಲ್ಲೇ ತಡೆ ಇದೆ. ನಮ್ಮಲ್ಲಿ ಕಾನೂನು ಬರಲಿ ಅಂತ ಕೂತರೆ ಈ ಜನ್ಮಕ್ಕೆ ಆಗದು. ನಾನು ಕೇಳುವುದು ಸಣ್ಣದು. ಮುಂದಿನ ಭಾನುವಾರ ಅದೇ ಪುಟದಲ್ಲಿ ಎರಡು ಸಾಲು ಹಾಕಿ: ಮೀನು ತಲೆಕೆಳಗಾಗಿ ನಿಂತರೆ ಆಟ ಅಲ್ಲ, ಸಂಕಟ, ಆಹಾರ ನಿಲ್ಲಿಸಿ, ನೀರು ನೋಡಿ, ಗೊತ್ತಿದ್ದವರನ್ನು ಕೇಳಿ. ಮತ್ತೆ ಇಂಥ ಲೇಖನ ಬರೆಸುವಾಗ ಮೀನಿನ ಬಣ್ಣದ ಜೊತೆ ಅದರ ಹೊಟ್ಟೆಯ ಬಗ್ಗೆಯೂ ಒಂದು ಮಾತು ಬರೆಸಿ. ಆ ಪುಟ ಓದಿ ನನ್ನ ಗಿರಾಕಿಯೊಬ್ಬರು ಮೊಮ್ಮಗಳಿಗೆ ಅಂತ ಅಂಥದೇ ಮೀನು ತರಲು ಹೊರಟಿದ್ದರು. ‘ಕಾಕಾ, ತರುವುದಾದರೆ ಉದ್ದನೆಯ ಮೈಯ, ಒಂಟಿ ಬಾಲದ್ದು ತರ್ರಿ’ ಅಂದೆ. ‘ಅದು ನಮ್ಮ ಹೊಳಿ ಮೀನಿನಂಗ ಕಾಣತೈತಲ್ಲೋ’ ಅಂದರು. ‘ಹೌದ್ರಿ, ಅದಕ್ಕ ಹೇಳಿದ್ದು’ ಅಂದೆ. ಕೊನೆಗೆ ಅದನ್ನೇ ತಂದಿದ್ದಾರೆ. ದೊಡ್ಡ ತೊಟ್ಟಿ, ಸ್ವಚ್ಛ ನೀರು ಇದ್ದರೆ ಅಂಥ ಮೀನು ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಇಂಗ್ಲೆಂಡಿನಲ್ಲಿ ಒಂದು 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಸಾಕಲು ಬೇಜಾರಾಯಿತು ಅಂತ ಘಟಪ್ರಭೆಗೆ ಮಾತ್ರ ಬಿಡಬೇಡಿ. ಅಲ್ಲಿ ಅದು ನಮ್ಮ ಮೀನಿನ ತತ್ತಿ ತಿನ್ನುತ್ತದೆ, ತಳದ ಕೆಸರು ಕೆದಕಿ ನೀರು ರಾಡಿ ಮಾಡುತ್ತದೆ.

ಕರಿಯ ಇನ್ನೂ ಇದ್ದಾನೆ. ಮರಿ ಇದ್ದಾಗ ಅವನ ಕಣ್ಣೂ ಎಲ್ಲಾ ಮೀನಿನ ಹಾಗೇ ಇದ್ದಿರಬೇಕು. ಈ ತಳಿಗೆ ಕಣ್ಣುಗುಡ್ಡೆ ಹೊರಗೆ ಬರುವುದು ಕೆಲವು ತಿಂಗಳಾದ ಮೇಲೆ. ಅದರ ಹಿಂದೆಯೂ ಒಂದು ಕೆಟ್ಟ ಜೀನ್ ಇದೆಯೆಂದು 2020ರಲ್ಲಿ ತಿಳಿಯಿತಂತೆ. ಗುಡ್ಡೆ ಉದ್ದವಾದಷ್ಟೂ ದೃಷ್ಟಿ ಮಂದ. ಮೂತಿಯ ಮುಂದೆ ಬಿದ್ದ ಕಾಳು ಅವನಿಗೆ ಕಾಣುವುದಿಲ್ಲ. ಗಾಜಿಗೆ ಡಿಕ್ಕಿ ಹೊಡೆದು ಎಡಗಣ್ಣಿನ ಮೇಲೆ ಬಿಳಿ ಪೊರೆ ಬಂದಿದೆ. ಒಳಗಿದ್ದ ಕಲ್ಲು, ಪ್ಲಾಸ್ಟಿಕ್ ಕೋಟೆ ಎಲ್ಲಾ ತೆಗೆದು ಬರೀ ನುಣುಪು ಮರಳು ಹಾಕಿದ್ದೇವೆ.

ಊಟಕ್ಕೆ ಮಗನೇ ಒಂದು ಉಪಾಯ ಮಾಡಿಕೊಂಡಿದ್ದಾನೆ. ದಿನಾ ಬೆಳಿಗ್ಗೆ ಬಲಗಡೆಯ ಮೂಲೆಯಲ್ಲಿ ನೀರೊಳಗೆ ಚಮಚ ಅದ್ದಿ ಟಿಕ್ ಟಿಕ್ ಅಂತ ಮೆಲ್ಲಗೆ ಎರಡು ಸಲ ಗಾಜಿಗೆ ತಾಗಿಸುತ್ತಾನೆ. ಕರಿಯ ಇದ್ದಲ್ಲಿಂದ ತಿರುಗಿ, ಆ ಎರಡು ಬಾಲ ಬಳುಕಿಸುತ್ತ ಮೂಲೆಗೆ ಬರುತ್ತಾನೆ. ಮಗ ಆಗ ಕಾಳು ಬಿಡುತ್ತಾನೆ, ಅದು ಮುಳುಗಿ ಮರಳಿನ ಮೇಲೆ ಕೂರುತ್ತದೆ. ಮೂಸಿ ಮೂಸಿ ಹುಡುಕಿ ತಿಂದು ಮುಗಿಸಲು ಕರಿಯನಿಗೆ ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ ಇವನು ಚೀಲ ಬೆನ್ನಿಗೆ ಹಾಕಿಕೊಂಡು ನಿಂತೇ ಇರುತ್ತಾನೆ, ಶಾಲೆಯ ಗಾಡಿ ಹೊರಗೆ ಹಾರ್ನ್ ಹೊಡೆಯುತ್ತಿರುತ್ತದೆ.

ಇಂತಿ,
ಮೀನಿನ ಅಂಗಡಿಯವ
ನವನಗರ, ಬಾಗಲಕೋಟೆ